ಖಲಾಸಿ ಅಂದರೆ ಬರೀ ರೈಲ್ವೆಯವರಲ್ಲ

ಹಿರಿಯರ ಜಾಡು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕ್ಕಾವ್ರೆ, ನಮಸ್ಕಾರ. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ನಮ್ಮ ತಂದೆ, ಅಜ್ಜ ಇಬ್ಬರೂ ಅಲ್ಲಿಯೇ ದುಡಿದವರು. ಮಗ ಅಮೆರಿಕದಲ್ಲಿದ್ದಾನೆ. ಸೊಸೆ ಅಲ್ಲಿಯ ನ್ಯೂ ಬೆಡ್‌ಫರ್ಡ್ ಎಂಬ ಬಂದರಿನ ಊರಿನವಳು. ಅವಳ ಹಿರಿಯರು ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳಿಂದ ಬಂದವರು. ಹೋದ ಬೇಸಿಗೆಯಲ್ಲಿ ನಾವು ಗಂಡ-ಹೆಂಡತಿ ಹೋಗಿದ್ದಾಗ ಅವಳು ನಮ್ಮನ್ನು ಮಿಸ್ಟಿಕ್ ಎಂಬಲ್ಲಿಗೆ ಕರೆದುಕೊಂಡು ಹೋಗಿ, ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಎಂಬ ಹಳೇ ತಿಮಿಂಗಿಲ ಬೇಟೆ ಹಡಗು ತೋರಿಸಿದಳು. ಅವಳ ಮುತ್ತಜ್ಜ 1910ರ ನಂತರ ಒಂದು ಸಲ ಆ ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದರಂತೆ. ಕೆಳಗೆ ನಾವಿಕರು ಮಲಗುತ್ತಿದ್ದ ಜಾಗದಲ್ಲಿ ಒಂದು ಹಲಗೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಆಗ ಹನ್ನೊಂದು ವರ್ಷದ ಮೊಮ್ಮಗ ನನ್ನ ಕಡೆ ತಿರುಗಿ, "ಅಜ್ಜಾ, ನಮ್ಮವರೊಳಗ ಯಾರರ ಹಡಗಿನ್ಯಾಗ ಇದ್ರೇನು?" ಎಂದು ಕೇಳಿದ. "ಇಲ್ಲೋ ಮಗಾ, ನಮ್ಮದು ರೈಲು" ಅಂದುಬಿಟ್ಟೆ.

ಊರಿಗೆ ಬಂದ ಮೇಲೆ ಒಂದು ಮಾತು ನೆನಪಾಯಿತು. ನಮ್ಮ ತಂದೆ ತಮ್ಮ ಅಜ್ಜನ ಸುದ್ದಿ ಬಂದಾಗ "ಅವರು ಕುಮಟಾದಾಗ ಖಲಾಸಿ ಇದ್ರು" ಎನ್ನುತ್ತಿದ್ದರು. ನಾವು ಅದನ್ನು ರೈಲ್ವೆ ಖಲಾಸಿ, ಅಂದರೆ ವರ್ಕ್‌ಶಾಪಿನ ಸಹಾಯಕ ಆಳು ಎಂದೇ ತಿಳಿದಿದ್ದೆವು. ಆದರೆ ಆ ಕಾಲದಲ್ಲಿ ಕುಮಟಾಕ್ಕೆ ರೈಲು ಎಲ್ಲಿತ್ತು? ಇನ್ನೊಂದು ವಿಷಯ. ಹಡಗಿನ ಮೇಲೆ ಒಬ್ಬರು ಮಕ್ಕಳಿಗೆ ಹಗ್ಗದ ಗಂಟು ಕಲಿಸುತ್ತಿದ್ದರು. ಒಂದು ಕುಣಿಕೆ ಮಾಡಿ, ಹಗ್ಗದ ತುದಿಯನ್ನು ಕೆಳಗಿನಿಂದ ಅದರೊಳಗೆ ತಂದು, ಹಿಂದಿನಿಂದ ಸುತ್ತಿಸಿ, ಮತ್ತೆ ಅದೇ ಕುಣಿಕೆಯಲ್ಲಿ ಇಳಿಸುವ ಗಂಟು. ಅದು ನಮ್ಮ ತಂದೆ ಬಾವಿಯ ಕೊಡಕ್ಕೆ ಹಾಕುತ್ತಿದ್ದ ಗಂಟೇ! ಓಣಿಯಲ್ಲಿ ಬೇರೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ. ಇದರಿಂದ ಏನಾದರೂ ತಿಳಿಯುತ್ತದೆಯೇ? ನನ್ನ ಹತ್ತಿರ ಒಂದು ಕಾಗದವೂ ಇಲ್ಲ. ಮೊಮ್ಮಗನಿಗೆ ಏನು ಹೇಳಲಿ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಮೊಮ್ಮಗನಿಗೆ ಫೋನ್ ಮಾಡಿ. "ಇಲ್ಲ ಅಂದಿದ್ದೆ, ತಪ್ಪಾಯಿತು. ಬಹುಶಃ ಇದ್ದರು" ಎಂದು ಹೇಳಿ. ಉಳಿದದ್ದನ್ನು ಆಮೇಲೆ ಹುಡುಕೋಣ.

ಖಲಾಸಿ ಎಂಬ ಮಾತು ರೈಲಿಗಿಂತ ಹಳೆಯದು. ಹಿಂದೂಸ್ತಾನಿಯಲ್ಲಿ, ಮರಾಠಿಯಲ್ಲಿ ಖಲಾಸಿ ಎಂದರೆ ಹಡಗಿನ ಆಳು. ಹಾಯಿ ಎತ್ತುವವನು, ಹಗ್ಗ ಎಳೆಯುವವನು, ಸಾಮಾನು ಏರಿಸಿ ಇಳಿಸುವವನು. ಭಾರ ಎತ್ತುವ, ಹಗ್ಗ ಕಪ್ಪಿ ಬಳಸುವ ಕೆಲಸ ಎಲ್ಲಿ ಬಂತೋ ಅಲ್ಲಿಗೆಲ್ಲ ಈ ಹೆಸರು ಹೋಯಿತು. ರೈಲ್ವೆ ಬಂದಾಗ ವರ್ಕ್‌ಶಾಪಿಗೂ ಬಂತು. ನೀವು ಮೂವತ್ತು ವರ್ಷ ದಿನಾ ಕೇಳಿದ ಮಾತು ಸಮುದ್ರದಿಂದ ಘಟ್ಟ ಹತ್ತಿ ಬಂದದ್ದು. ನಿಮ್ಮ ತಂದೆ "ಕುಮಟಾದಾಗ" ಎಂಬ ಮಾತನ್ನು ಬಿಡದೆ ಹೇಳುತ್ತಿದ್ದರಲ್ಲ, ಅದು ಸುಮ್ನೆ ಬಂದ ಮಾತಲ್ಲ. ಆ ಒಂದು ಮಾತಿನಲ್ಲಿ ಊರೂ ಇದೆ, ಕಸುಬೂ ಇದೆ. ಎಷ್ಟೋ ಮನೆಗಳಲ್ಲಿ ಇಷ್ಟೂ ಉಳಿದಿರುವುದಿಲ್ಲ.

ಕುಮಟಾ ಆಗ ಸಣ್ಣ ಊರಾಗಿರಲಿಲ್ಲ. ನಮ್ಮ ಧಾರವಾಡ ಜಿಲ್ಲೆಯ ಹತ್ತಿ ಎತ್ತಿನ ಗಾಡಿಯಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಮಚವೆ, ಪತ್ತೇಮಾರಿ ಎಂಬ ಹಾಯಿ ಹಡಗುಗಳಲ್ಲಿ ಮುಂಬಯಿಗೆ. ಬೆಳೆದದ್ದು ನಮ್ಮ ಎರೆ ಹೊಲದಲ್ಲಿ, ಆದರೆ ಮುಂಬಯಿ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ. ಏರಿದ ಬಂದರಿನ ಹೆಸರೇ ಮಾಲಿಗೆ ಅಂಟಿಕೊಂಡಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ವರ್ಕ್‌ಶಾಪ್ ಬಂತು. ಹತ್ತಿ ಘಟ್ಟ ಇಳಿಯುವುದು ಬಿಟ್ಟು ರೈಲು ಹತ್ತಿತು. ಕುಮಟಾದಲ್ಲಿ ಕೆಲಸ ಕಡಿಮೆಯಾಯಿತು, ಇಲ್ಲಿ ಜಾಸ್ತಿಯಾಯಿತು. ಹಗ್ಗ ಕಪ್ಪಿ ಗೊತ್ತಿದ್ದ ಗಟ್ಟಿ ಆಳು ಅಲ್ಲಿಂದ ಇಲ್ಲಿಗೆ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ನಿಮ್ಮ ಮನೆತನದಲ್ಲಿ ಹೀಗೇ ಆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ನಿಮ್ಮ ತಂದೆಯ ಮಾತು, ಊರು, ಕಾಲ ಮೂರೂ ಕೂಡಿ ಬರುತ್ತವೆ.

ಈಗ ಮಾರ್ಗನ್ ಹಡಗಿನ ಮಾತು. 2017ರಲ್ಲಿ ನಾನೂ ಅದರ ಒಳಗೆ ಇಳಿದಿದ್ದೇನೆ. ಮಗಳು ಹಾರ್ಟ್‌ಫರ್ಡ್‌ನಲ್ಲಿದ್ದಾಳೆ. ಅಲ್ಲಿಂದ ಕಾರಿನಲ್ಲಿ ಒಂದು ತಾಸಿನ ದಾರಿ. ನಮ್ಮ ಮನೆಯಲ್ಲಿ ಸಮುದ್ರ ಕಂಡವರು ಯಾರೂ ಇಲ್ಲ. ಹಳೇ ಕಾಗದ ಕಾಯುವ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಳೆದವಳು ನಾನು. ಹಡಗನ್ನೂ ಒಂದು ದೊಡ್ಡ ಕಾಗದದ ಹಾಗೆ ಓದಬಹುದು ಎಂದು ಅವತ್ತು ಗೊತ್ತಾಯಿತು.

ಹಡಗಿನ ಉದ್ದ 113 ಅಡಿ. ನಿಮಗೆ ಒಗ್ಗುವ ಲೆಕ್ಕದಲ್ಲಿ ಒಂದೂವರೆ ಬೋಗಿಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಜನ, ಮೂರು ಮೂರು ವರ್ಷ. 1841ರ ಜುಲೈ 21ರಂದು ನ್ಯೂ ಬೆಡ್‌ಫರ್ಡ್‌ನಲ್ಲಿ ಅದು ನೀರಿಗಿಳಿಯಿತು. 1921ರವರೆಗೆ 37 ಸಲ ಸಮುದ್ರಕ್ಕೆ ಹೋಗಿ ಬಂತು. ಎಂಬತ್ತು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ದುಡಿದರು. ಅಮೆರಿಕದ ಮರದ ತಿಮಿಂಗಿಲ ಹಡಗುಗಳಲ್ಲಿ ಇವತ್ತಿಗೆ ಉಳಿದಿರುವುದು ಇದೊಂದೇ.

ಮುಂಭಾಗದಲ್ಲಿ ಕಡಿದಾದ ಏಣಿ ಇಳಿದರೆ ಸಾದಾ ನಾವಿಕರು ಮಲಗುವ ಜಾಗ. ಹಡಗಿನ ಮೂತಿಯ ಆಕಾರಕ್ಕೇ ಕೋಣೆಯೂ ಕಿರಿದಾಗುತ್ತ ಹೋಗುತ್ತದೆ. ಎರಡೂ ಕಡೆ ಒಂದರ ಮೇಲೊಂದು ಹಲಗೆಯ ಹಾಸಿಗೆಗಳು. ನಾನು ಐದಡಿಯವಳು. ಒಂದು ಹಾಸಿಗೆಯ ಅಂಚಿಗೆ ಕೂತು ಬೆನ್ನು ನೆಟ್ಟಗೆ ಮಾಡಲು ಹೋದೆ, ತಲೆ ಮೇಲಿನ ಹಲಗೆಗೆ ತಾಗಿತು. ನನಗೇ ಹೀಗಾದರೆ ಆರಡಿ ಆಳಿಗೆ ಹೇಗೆ? ಅವನಿಗೆ ಆ ಹಾಸಿಗೆಯಲ್ಲಿ ಇದ್ದದ್ದು ಒಂದೇ ಭಂಗಿ, ಮಲಗುವುದು. ಅವನ ಆಸ್ತಿಯೆಲ್ಲ ಕಾಲ ಬುಡದ ಒಂದು ಮರದ ಪೆಟ್ಟಿಗೆ. ಊಟವೂ ಆ ಪೆಟ್ಟಿಗೆಯ ಮೇಲೇ ಕೂತು. ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕತ್ತು. ನಮ್ಮ ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ ಎಂದು ನಾವು ದೂರದ ಪ್ರಯಾಣಕ್ಕೆ ಕಟ್ಟಿಕೊಳ್ಳುತ್ತೇವಲ್ಲ, ಅದೇ ವಿಚಾರ. ಆದರೆ ಅವರದಕ್ಕೆ ಹುಳ ಬೀಳುತ್ತಿತ್ತು. ಕುಟ್ಟಿ, ಹುಳ ಉದುರಿಸಿ, ಕಾಫಿಯಲ್ಲಿ ನೆನೆಸಿ ತಿನ್ನುತ್ತಿದ್ದರು.

ಆ ಕತ್ತಲೆಯಲ್ಲಿ ಒಂದು ವಸ್ತು ನನ್ನನ್ನು ಹಿಡಿದು ನಿಲ್ಲಿಸಿತು. ಮೇಲಿನ ಹಲಗೆಯಲ್ಲಿ ಒಂದು ದಪ್ಪ ಗಾಜಿನ ಗಟ್ಟಿಯನ್ನು ಕೂಡಿಸಿರುತ್ತಾರೆ. ಮೇಲ್ಗಡೆ ಸಪಾಟು, ಅದರ ಮೇಲೆ ಜನ ನಡೆದಾಡಬಹುದು. ಕೆಳಗಡೆ ಮೊನಚಾಗಿ ಇಳಿದಿರುತ್ತದೆ. ಮೇಲೆ ಬಿದ್ದ ಬಿಸಿಲನ್ನು ಅದು ಒಡೆದು ಕೋಣೆಯ ತುಂಬ ಹರಡುತ್ತದೆ. ನನಗೆ ಥಟ್ಟನೆ ನಮ್ಮ ಅಜ್ಜಿಯ ಮಾಳಿಗೆ ಮನೆಯ ಬೆಳಕಿಂಡಿ ನೆನಪಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಬೀಸುವ ಕಲ್ಲಿನ ಮೇಲೆ ಬೀಳುತ್ತಿದ್ದ ಆ ಒಂದು ಬಿಸಿಲಿನ ಕೋಲು! ನಿಮ್ಮ ಸೊಸೆಯ ಮುತ್ತಜ್ಜ ತನ್ನ ಹರಿದ ಅಂಗಿಯನ್ನು ಹೊಲಿದುಕೊಂಡದ್ದು ಇಂಥದೇ ಬೆಳಕಿನಲ್ಲಿ. ಹಿಂಭಾಗಕ್ಕೆ ಹೋದರೆ ಕ್ಯಾಪ್ಟನ್ ಕೋಣೆ. ಅಲ್ಲಿ ಹಡಗು ಎಷ್ಟು ಓಲಾಡಿದರೂ ಮಲಗಿದವರು ಅಲುಗದಂತೆ ತೂಗಿ ನಿಲ್ಲುವ ಹಾಸಿಗೆ ಇದೆ. ಅದನ್ನೂ ಮೊಮ್ಮಗನಿಗೆ ತೋರಿಸಿದ್ದರೆ ಚೆನ್ನಾಗಿತ್ತು. ಎರಡೂ ಹಾಸಿಗೆ ನೋಡಿದರೆ ಹಡಗಿನ ಒಳಗಿನ ಮೇಲು-ಕೆಳಗು ಹುಡುಗನಿಗೂ ತಿಳಿಯುತ್ತದೆ.

ನಿಮ್ಮ ಸೊಸೆ ಹಲಗೆಯ ಮೇಲೆ ಕೈ ಇಟ್ಟು ನಿಂತದ್ದು ನನಗೆ ಬಹಳ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ತಂದೆ ಹುಬ್ಬಳ್ಳಿಯಲ್ಲಿ ಕಲ್ಲಿದ್ದಲ ಎಂಜಿನ್ನಿನ ಫೈರ್‌ಮನ್ ಆಗಿದ್ದರು. ಅವರ ಎಡಗೈ ಮೇಲೆ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒಂದು ಸುಟ್ಟ ಗುರುತು. ಕೇಳಿದರೆ "ಎಂಜಿನ್ ಮುತ್ತು ಕೊಟ್ಟಿತ್ತು" ಎಂದು ನಗುತ್ತಿದ್ದರು. ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಗದಗ ರಸ್ತೆಯಲ್ಲಿ ರೈಲು ಮ್ಯೂಸಿಯಂ ಆದಾಗ, ಅಲ್ಲಿಯ ಹಳೇ ಎಂಜಿನ್ ಪಕ್ಕ ನಿಂತು ಸನಿಕೆಯಲ್ಲಿ ಕಲ್ಲಿದ್ದಲು ಎಸೆಯುವ ಹಾಗೆ ಕೈ ಬೀಸಿ ನೋಡಿದೆ. ಬಲಗೈ ಸನಿಕೆಯ ಹಿಂದೆ, ಎಡಗೈ ಮುಂದೆ. ಒಲೆಯ ಬಾಯಿಗೆ ಹತ್ತಿರ ಹೋಗುವುದು ಎಡಗೈ. ಗುರುತು ಅಲ್ಲಿಯೇ ಯಾಕಿತ್ತು ಎಂದು ಆವಾಗ ಗೊತ್ತಾಯಿತು. ಮನೆಯಲ್ಲಿ ಐವತ್ತು ವರ್ಷ ನೋಡಿದ ಗುರುತು! ಹಾಗಾಗಿ ಹಿರಿಯರನ್ನು ಹುಡುಕುವವರಿಗೆ ನಾನು ಹೇಳುವುದು ಇದೇ: ಮೊದಲು ಹೆಸರಿನ ಹಿಂದೆ ಓಡಬೇಡಿ. ಅವರು ದುಡಿದ ಜಾಗದಲ್ಲಿ ನಿಮ್ಮ ಮೈ ಇಟ್ಟು ನೋಡಿ. ಹೇಗೆ ಮಲಗಿದರು, ಎಲ್ಲಿ ಬಗ್ಗಿದರು, ಯಾವ ಕೈ ಮುಂದಿತ್ತು, ಏನು ವಾಸನೆ. ಇಂಥ ಪ್ರಶ್ನೆಗೆ ಕಾಗದ ಉತ್ತರ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಸೊಸೆ ಮುಟ್ಟಿದ ಹಲಗೆಯನ್ನೇ ಅವಳ ಮುತ್ತಜ್ಜ ಮುಟ್ಟಿದ್ದ ಎಂದು ಹೇಳಲಾಗದು. ಮರದ ಹಡಗು ಕೊಳೆಯುತ್ತದೆ, ಹಲಗೆ ಬದಲಾಯಿಸುತ್ತ ಹೋಗಬೇಕು. 2008ರಿಂದ ಐದು ವರ್ಷ ದೊಡ್ಡ ರಿಪೇರಿ ನಡೆಯಿತು. ತಳದ ಉದ್ದನೆಯ ತೊಲೆಯಂಥ ಕೆಲವು ಭಾಗ ಮಾತ್ರ 1841ರದ್ದೇ. ಆದರೆ ಕೋಣೆಯ ಆಕಾರ, ಎತ್ತರ, ಏಣಿಯ ಕಡಿದಾದ ಇಳಿಜಾರು ಅದೇ. ನಮ್ಮ ಗುಡಿಯ ತೇರಿನ ಗಾಲಿ ಬದಲಾಯಿಸಿದ ಮಾತ್ರಕ್ಕೆ ಅದು ಬೇರೆ ತೇರು ಅನ್ನುತ್ತೇವೆಯೇ?

ಸೊಸೆಯ ಕಡೆಯ ಕಾಗದಗಳು ಸಿಗುವುದು ಸುಲಭ. ನ್ಯೂ ಬೆಡ್‌ಫರ್ಡ್‌ನಿಂದ ಹೊರಟ ಹಡಗುಗಳ ಆಳುಗಳ ಪಟ್ಟಿಗಳು ಉಳಿದಿವೆ. ಅಲ್ಲಿಯ ಸಾರ್ವಜನಿಕ ಗ್ರಂಥಾಲಯ, ತಿಮಿಂಗಿಲ ಬೇಟೆಯ ಮ್ಯೂಸಿಯಂ ಮತ್ತು ಮಿಸ್ಟಿಕ್ ಮ್ಯೂಸಿಯಂ ಅವುಗಳನ್ನು ಹುಡುಕಲು ಬರುವಂತೆ ಮಾಡಿವೆ. ಹೆಸರು, ವಯಸ್ಸು, ಊರು, ಎತ್ತರ, ಮೈಬಣ್ಣ, ಕೂದಲಿನ ಬಣ್ಣ ಎಲ್ಲ ಬರೆದಿರುತ್ತಾರೆ. ಫೋಟೋ ಇಲ್ಲದ ಮುತ್ತಜ್ಜನ ಎತ್ತರ ಗೊತ್ತಾಗುವುದು ಸಣ್ಣ ಮಾತಲ್ಲ. ಗೋಡೆಯ ಮೇಲೆ ಆ ಎತ್ತರಕ್ಕೆ ಸೀಸದ ಕಡ್ಡಿಯಿಂದ ಗೆರೆ ಎಳೆದು ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಲು ಹೇಳಿ. ಹೆಸರು ಮಾತ್ರ ನೇರವಾಗಿ ಸಿಗಲಿಕ್ಕಿಲ್ಲ. ಕೇಪ್ ವರ್ಡ್‌ನವರ ಪೋರ್ಚುಗೀಸ್ ಹೆಸರನ್ನು ಗುಮಾಸ್ತರು ಇಂಗ್ಲಿಷ್ ಕಿವಿಗೆ ಕೇಳಿದಂತೆ ಬರೆದರು. ಜೊಆವೊ ಹೋಗಿ ಜಾನ್ ಆದ, ರೋಜಾ ಹೋಗಿ ರೋಸ್ ಆದ. ನಮ್ಮ ಶಾಲೆಯ ದಾಖಲೆಯಲ್ಲಿ ಬಸಣ್ಣ ಬಸವರಾಜ ಆದ ಹಾಗೆ.

ಕೂಲಿಯ ಲೆಕ್ಕವನ್ನೂ ಹುಡುಗನಿಗೆ ಹೇಳಿ. ಈ ಹಡಗುಗಳಲ್ಲಿ ಸಂಬಳ ಇರಲಿಲ್ಲ, ಪಾಲು ಇತ್ತು. ನಮ್ಮಲ್ಲಿ ಹೊಲವನ್ನು ಪಾಲಿಗೆ ಮಾಡಿದಂತೆ. ಆದರೆ ಅರ್ಧವೂ ಅಲ್ಲ, ಕಾಲೂ ಅಲ್ಲ. ಹೊಸಬನಿಗೆ 175ರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಮಾರ್ಗನ್ ಮೊದಲ ಸಲ 1841ರ ಸೆಪ್ಟೆಂಬರಿನಲ್ಲಿ ಹೊರಟು 1845ರ ಜನವರಿಯಲ್ಲಿ ಮರಳಿದಾಗ ತಂದ ಮಾಲಿನ ಬೆಲೆ ಸುಮಾರು 56 ಸಾವಿರ ಡಾಲರ್. ಅದರಲ್ಲಿ 175ನೇ ಒಂದು ಪಾಲೆಂದರೆ 320 ಡಾಲರ್. ಮೂರು ವರ್ಷ ನಾಲ್ಕು ತಿಂಗಳ ದುಡಿಮೆಗೆ! ಅದರಲ್ಲೂ ಹಡಗಿನ ಅಂಗಡಿಯಿಂದ ಕೊಂಡ ಬಟ್ಟೆ, ತಂಬಾಕು, ಮುಂಗಡ ತೆಗೆದುಕೊಂಡ ಹಣ ಎಲ್ಲ ಕಳೆಯುತ್ತಿದ್ದರು. ಕೆಲವರು ಕೈಯಲ್ಲಿ ಏನೂ ಇಲ್ಲದೆ ದಡಕ್ಕೆ ಇಳಿದರು. ಆದರೂ ಕೇಪ್ ವರ್ಡ್‌ನ ಹುಡುಗರು ಯಾಕೆ ಹತ್ತಿದರು? ಅಲ್ಲಿ ಬರ ಬಿದ್ದರೆ ಜನ ಹಸಿವಿನಿಂದ ಸಾಯುತ್ತಿದ್ದರು. ತಿಮಿಂಗಿಲ ಹಡಗು ಆಳುಗಳಿಗಾಗಿ ಆ ದ್ವೀಪಗಳಿಗೆ ಬರುತ್ತಿತ್ತು. ಅವರಿಗೆ ಅದೇ ಅಮೆರಿಕದ ದಾರಿ. ನಮ್ಮ ಕಡೆಯ ಜನಕ್ಕೆ ಬರ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದಕ್ಕೆ ಇದೇ ಕಾರಣ. 1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದವರ ನಡುವೆ ಯುದ್ಧ ಹತ್ತಿತು. ದಕ್ಷಿಣದ ಹತ್ತಿ ಹೊರಗೆ ಹೋಗದಂತೆ ಉತ್ತರದವರು ಬಂದರುಗಳ ಬಾಯಿ ಮುಚ್ಚಲು ಹೊರಟರು. ಅದಕ್ಕಾಗಿ ಹಳೇ ತಿಮಿಂಗಿಲ ಹಡಗುಗಳನ್ನು ಕೊಂಡರು. ಅವುಗಳಲ್ಲಿ ಬಹಳಷ್ಟು ನ್ಯೂ ಬೆಡ್‌ಫರ್ಡ್‌ನವು. ಒಳಗೆ ಕಲ್ಲು ತುಂಬಿ, ಡಿಸೆಂಬರಿನಲ್ಲಿ ದಕ್ಷಿಣದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ ಮುಳುಗಿಸಿದರು. ಮಾರ್ಗನ್ ಉಳಿದುಕೊಂಡಿತು. ಇತ್ತ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಹಿಂದೂಸ್ತಾನದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡದ ಗಾಡಿಗಳು ಸಾಲುಸಾಲಾಗಿ ಘಟ್ಟ ಇಳಿದವು. 1862ರಲ್ಲಿ ಸರಕಾರ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿತು, ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂದು. ಅಲ್ಲಿ ನ್ಯೂ ಬೆಡ್‌ಫರ್ಡ್ ಹಡಗುಗಳು ಮುಳುಗಿದವು, ಇಲ್ಲಿ ಕುಮಟಾದ ಖಲಾಸಿಗಳಿಗೆ ಕೈತುಂಬ ಕೆಲಸ ಸಿಕ್ಕಿತು. ನಿಮ್ಮ ಮೊಮ್ಮಗನ ತಾಯಿಯ ಊರು, ತಂದೆಯ ಹಿರಿಯರ ಊರು ಎರಡೂ ಒಂದೇ ಯುದ್ಧದ ಎರಡು ತುದಿಯಲ್ಲಿದ್ದವು. ಹುಡುಗ ಇದನ್ನು ಶಾಲೆಯಲ್ಲಿ ಹೇಳಲಿ.

ಗಂಟಿನ ವಿಷಯ. ನೀವು ಬರೆದದ್ದನ್ನು ನೋಡಿ ನಾನೂ ಹಗ್ಗ ಹಿಡಿದು ಕಟ್ಟಿದೆ. ಅದನ್ನು ಬೌಲೈನ್ ಎನ್ನುತ್ತಾರೆ. ಎಷ್ಟು ಭಾರ ಬಿದ್ದರೂ ಕುಣಿಕೆ ಬಿಗಿಯುವುದಿಲ್ಲ, ಭಾರ ಇಳಿದ ಮೇಲೆ ಬೆರಳಿನಿಂದಲೇ ಬಿಚ್ಚಬಹುದು. ತಿಮಿಂಗಿಲದ ಬೇಟೆಯಲ್ಲಿ ಹಗ್ಗವೇ ಜೀವ. ಆರು ಜನ ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ ಹಾರ್ಪೂನ್ ಎಂಬ ಈಟಿ ಎಸೆದರೆ, ಅದಕ್ಕೆ ಕಟ್ಟಿದ ಹಗ್ಗ ಹೊಗೆ ಏಳುವಷ್ಟು ಜೋರಾಗಿ ಓಡುತ್ತಿತ್ತು. ನೀರು ಹಾಕುತ್ತಲೇ ಇರಬೇಕು. ಸುರುಳಿ ಕಾಲಿಗೆ ಸಿಕ್ಕರೆ ಮನುಷ್ಯ ಮತ್ತೆ ಕಾಣುತ್ತಿರಲಿಲ್ಲ. ನಿಮ್ಮ ಮುತ್ತಜ್ಜ ಬೇಟೆಗೆ ಹೋದವರಲ್ಲ, ಆದರೆ ಹತ್ತಿ ಅಂಡಿಗೆ ಎತ್ತಲು, ಹಾಯಿ ಕಟ್ಟಲು ಅವರಿಗೂ ಇಂಥ ಗಂಟು ಬೇಕು. ಇದು ಸಾಕ್ಷಿಯೇ? ನಿಜ ಹೇಳಬೇಕೆಂದರೆ ಇದೊಂದೇ ಸಾಲದು. ಈ ಗಂಟು ಹಡಗಿನವರ ಸ್ವತ್ತಲ್ಲ, ವರ್ಕ್‌ಶಾಪಿನಲ್ಲೂ ಕಲಿತಿರಬಹುದು. ಆದರೆ ತಂದೆಯ ಮಾತು ಮತ್ತು ತಂದೆಯ ಕೈ ಒಂದೇ ಕಡೆ ಬೆರಳು ತೋರಿಸುತ್ತಿವೆ. ನಾನು ನಂಬುತ್ತೇನೆ. ನೀವೂ ಒಂದು ಹಗ್ಗ ತೆಗೆದುಕೊಂಡು, ತಂದೆ ಹೇಗೆ ಕಟ್ಟುತ್ತಿದ್ದರೋ ಹಾಗೇ ಕಟ್ಟಿ. ಮೊಬೈಲಿನಲ್ಲಿ ವಿಡಿಯೋ ಮಾಡಿಸಿ ಕಳಿಸಿ. ನಿಮ್ಮ ಕೈಗೆ ಇನ್ನೂ ನೆನಪಿದ್ದಾಗಲೇ.

ಆಮೇಲೆ ಕಾಗದ ಹುಡುಕಿ. ಅಜ್ಜನ ಸರ್ವಿಸ್ ಪುಸ್ತಕ ಅಥವಾ ಪ್ರಾವಿಡೆಂಟ್ ಫಂಡ್ ಕಾಗದ ಯಾವ ಕಾಕಾನ ಟ್ರಂಕಿನಲ್ಲಿದೆ ಎಂದು ಕೇಳಿ. ಹುಟ್ಟೂರು ಬರೆದಿದ್ದರೆ ಅರ್ಧ ಕೆಲಸ ಮುಗಿಯಿತು. ನಿಮ್ಮ ಮನೆದೇವರು ಯಾವುದು ಎಂದು ನೀವು ಬರೆದಿಲ್ಲ. ಘಟ್ಟದ ಕೆಳಗಿನ ದೇವರಾದರೆ ಆ ಗುಡಿಯ ಅರ್ಚಕರನ್ನು ಕಂಡು ಬನ್ನಿ. ಮನೆಯಲ್ಲಿ ಯಾರಾದರೂ ಎಂಬತ್ತು ದಾಟಿದವರಿದ್ದರೆ ಮೊದಲು ಅವರ ಹತ್ತಿರ ಕೂಡಿ, ಟ್ರಂಕು ಆಮೇಲೆ.

ಪ್ರಶ್ನೆ: ಮೇಡಂ, ನಮ್ಮದು ಇರುವೆಗೂ ಸಕ್ಕರೆ ಹಾಕುವ ಮನೆ. ಮಗ ಬಾಸ್ಟನ್‌ನಲ್ಲಿದ್ದಾನೆ. ಒಂದು ತಿಮಿಂಗಿಲ ಹಡಗಿನ ಮುಂದೆ ಹಾರ್ಪೂನ್ ಪಕ್ಕ ನಗುತ್ತ ನಿಂತ ಫೋಟೋ ಕಳಿಸಿದ. ನನಗೆ ಸಂಕಟವಾಯಿತು. ಅಷ್ಟು ದೊಡ್ಡ ಜೀವಗಳನ್ನು ಕೊಂದ ಹಡಗನ್ನು ಗುಡಿಯಂತೆ ಕಾಯುವುದು ಸರಿಯೇ?
(ಬೆಟಗೇರಿ, ಗದಗ)

ಉತ್ತರ: ತಾಯಿ, ನಿಮ್ಮ ಸಂಕಟ ನನ್ನದೂ ಹೌದು. ಅದು ಮಾರ್ಗನ್ನೇ ಇರಬೇಕು. ಆ ಹಡಗಿನ ಮೇಲೆ ಇಟ್ಟಿಗೆಯ ಒಲೆ, ಅದರ ಮೇಲೆ ಕಬ್ಬಿಣದ ಎರಡು ದೊಡ್ಡ ಕೊಪ್ಪರಿಗೆ ಇವೆ. ಕೊಬ್ಬನ್ನು ತುಂಡು ಮಾಡಿ ಕಾಯಿಸಿ ಎಣ್ಣೆ ಇಳಿಸುತ್ತಿದ್ದ ಜಾಗ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕಿ ಕಬ್ಬಿನ ಹಾಲು ಕುದಿಸುತ್ತಾರಲ್ಲ, ಹಾಗೆಯೇ ಎಣ್ಣೆ ಇಳಿದ ಕೊಬ್ಬಿನ ಚೂರನ್ನೇ ಒಲೆಗೆ ಹಾಕುತ್ತಿದ್ದರು. ಆ ಜೀವದ ಮೈಯಿಂದಲೇ ಆ ಜೀವವನ್ನು ಬೇಯಿಸುವುದು. ಅದನ್ನು ಕೇಳಿದಾಗ ನಾನು ಅಲ್ಲಿಂದ ಸರಿದು ಕಟ್ಟೆಯ ಹತ್ತಿರ ಹೋಗಿ ನಿಂತೆ.

ಆದರೆ ಹಡಗನ್ನು ಸುಟ್ಟಿದ್ದರೆ ಇದೂ ನಮಗೆ ಗೊತ್ತಾಗುತ್ತಿರಲಿಲ್ಲ. ಆ ಎಣ್ಣೆ ದೂರದ ಯಾರದೋ ಪಾಪ ಎಂದು ಬಿಡುವಂತೆಯೂ ಇಲ್ಲ. ಅದು ದೀಪಕ್ಕೆ, ಮೇಣದ ಬತ್ತಿಗೆ ಹೋಯಿತು. ಗಿರಣಿಗಳಲ್ಲಿ ಜೋರಾಗಿ ತಿರುಗುವ ಕದಿರುಗಳಿಗೂ ಸ್ಪರ್ಮ್ ಎಂಬ ಜಾತಿಯ ತಿಮಿಂಗಿಲದ ಎಣ್ಣೆಯನ್ನೇ ಬಿಡುತ್ತಿದ್ದರು. ನಮ್ಮ ಗದಗ, ಧಾರವಾಡದ ಹತ್ತಿ ಅಂಥ ಗಿರಣಿಗಳಿಗೇ ಹೋಗುತ್ತಿತ್ತು. ನೂಲಿನೊಂದಿಗೇ ಬದುಕಿದ ಊರು ಬೆಟಗೇರಿ, ಕದಿರಿಗೆ ಎಣ್ಣೆ ಎಷ್ಟು ಮುಖ್ಯ ಎಂದು ನಿಮಗೆ ನಾನು ಹೇಳಬೇಕೇ?

ಹಡಗನ್ನು ಕಾಯುವವರು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನೂ ಕೇಳಿ. 2014ರ ಬೇಸಿಗೆಯಲ್ಲಿ ಮಾರ್ಗನ್ ಮತ್ತೆ ಹಾಯಿ ಬಿಚ್ಚಿ ಹೊರಟಿತು. ಅದು ಅದರ 38ನೇ ಯಾನ. ಹಿಂದೆ ಅದರಲ್ಲಿ ದುಡಿದವರ ವಂಶದವರು, ವಿಜ್ಞಾನಿಗಳು, ಕಲಾವಿದರು ಸರದಿಯ ಮೇಲೆ ಒಂದೊಂದು ದಿನ ಅದರಲ್ಲಿ ಹೋದರು. ಮ್ಯಾಸಚೂಸೆಟ್ಸ್ ಕರಾವಳಿಯ ಸ್ಟೆಲ್‌ವ್ಯಾಗನ್ ಬ್ಯಾಂಕ್ ಎಂಬ ಕಾಯ್ದಿಟ್ಟ ಸಮುದ್ರದಲ್ಲಿ ತಿಮಿಂಗಿಲಗಳು ಕಂಡವು. ಈ ಸಲ ಕೈಯಲ್ಲಿ ಈಟಿ ಇರಲಿಲ್ಲ. ನೋಡಿದರು, ಬಂದರು. ಲಾಭಕ್ಕಾಗಿ ತಿಮಿಂಗಿಲ ಕೊಲ್ಲುವುದಕ್ಕೆ 1986ರಿಂದ ಅಂತರರಾಷ್ಟ್ರೀಯ ತಡೆ ಇದೆ. ನಮ್ಮಲ್ಲೂ ಕಾನೂನು ಬಿಗಿಯಾಗಿದೆ. ತಿಮಿಂಗಿಲದ ವಾಂತಿ ಎಂದು ಜನ ಕರೆಯುವ ಅಂಬರ್‌ಗ್ರಿಸ್ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಆ ಅಂಬರ್‌ಗ್ರಿಸ್ ಇದೇ ಸ್ಪರ್ಮ್ ತಿಮಿಂಗಿಲದ್ದು.

ಮಗನ ಮೇಲೆ ಸಿಟ್ಟಾಗಬೇಡಿ. ಮುಂದಿನ ಸಲ ಆ ಕೊಪ್ಪರಿಗೆಯ ಹತ್ತಿರ ನಿಂತು ನಿಮಗೆ ವಿಡಿಯೋ ಕಾಲ್ ಮಾಡಲು ಹೇಳಿ. ಇಬ್ಬರೂ ಕೂಡಿ ನೋಡಿ.

ಪ್ರಶ್ನೆ: ನಮ್ಮ ಅಬ್ಬಾನ ದಾದಾ ಭಟ್ಕಳದ ಕಡೆಯವರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷರ ಸ್ಟೀಮರಿನಲ್ಲಿ ಆಗ್‌ವಾಲಾ ಆಗಿ ಹೋದವರು ಮರಳಲಿಲ್ಲ. ಗೋರಿ ಇಲ್ಲ. ಎಲ್ಲಿ ಹುಡುಕಬೇಕು?
(ಸವಣೂರು, ಹಾವೇರಿ ಜಿಲ್ಲೆ)

ಉತ್ತರ: ಆಗ್‌ವಾಲಾ ಎಂದರೆ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು, ಅಂದರೆ ನನ್ನ ತಂದೆಯ ಕೆಲಸವೇ. ಅವರು ದುಡಿದದ್ದು ನೀರಿನ ಮಟ್ಟಕ್ಕಿಂತ ಕೆಳಗೆ. ಹಡಗಿಗೆ ಟಾರ್ಪೆಡೊ ಬಿದ್ದರೆ ಮೇಲೆ ಬರಲು ಅವರಿಗೆ ಸಮಯವೇ ಸಿಗುತ್ತಿರಲಿಲ್ಲ.

ಮುಂಬಯಿಯ ಮಸ್ಜಿದ್ ಬಂದರಿನಲ್ಲಿ ಹಿಂದೂಸ್ತಾನಿ ನಾವಿಕರ ವಸತಿಗೃಹವಿದೆ, ಇಂಡಿಯನ್ ಸೇಲರ್ಸ್ ಹೋಮ್. ಅಲ್ಲಿ 1914-18ರ ಸ್ಮಾರಕವಿದೆ. ಸಮುದ್ರವೇ ಗೋರಿಯಾದ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕ ಅದು. ಅದನ್ನು ನೋಡಿಕೊಳ್ಳುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಅವರ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ. ಬ್ರಿಟಿಷ್ ಹಡಗುಗಳ 1915ರ ಆಳುಗಳ ಪಟ್ಟಿಗಳೂ ಜಾಲತಾಣದಲ್ಲಿವೆ. ಉಳಿದ ಎಷ್ಟೋ ವರ್ಷಗಳ ಪಟ್ಟಿಗಳು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. ಹಡಗಿನ ಹೆಸರು ಮೊದಲು ಸಿಕ್ಕರೆ ಅಲ್ಲಿಗೆ ಬರೆಯುವುದು ಸುಲಭ.

ಹೆಸರನ್ನು ಒಂದೇ ರೀತಿ ಹುಡುಕಬೇಡಿ. ಅಬ್ದುಲ್, ಅಬ್ದೂಲ್, ಅಬ್ದಾಲ್ ಹೀಗೆ ಎಷ್ಟು ತರಹ ಬರೆಯಬಹುದೋ ಅಷ್ಟನ್ನೂ ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿ. ಅವರ ತಂದೆಯ ಹೆಸರು ಗೊತ್ತಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ, ಒಂದೇ ಹೆಸರಿನವರು ಹತ್ತು ಜನ ಬರುತ್ತಾರೆ. ಸಿಕ್ಕರೆ, ಮನೆಯವರೆಲ್ಲ ಮುಂಬಯಿಗೆ ಹೋಗುವ ಮೊದಲು ನನಗೊಂದು ಕಾರ್ಡು ಹಾಕಿ. ಆ ಹಡಗು ಎಲ್ಲಿ ಮುಳುಗಿತು, ಆಗ ಏನು ಹೊತ್ತು ಹೋಗುತ್ತಿತ್ತು ಎಂಬುದನ್ನು ನಾನು ಹುಡುಕಿ ಕೊಡುತ್ತೇನೆ.